ಅಪ್ಪನ ತೋಳಿಗೂ ಬಲ ಬೇಕು

ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕನ್ನಡ ಮನೆಗಳಲ್ಲಿ ಮಗ ಜಿಮ್‌ಗೆ ಹೊರಟರೆ ಯಾರೂ ಏನೂ ಅನ್ನುವುದಿಲ್ಲ. ನಲವತ್ತು ದಾಟಿದ ಅಪ್ಪ ಹೊರಟರೆ ಮಾತ್ರ "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?" ಎಂಬ ಮಾತು ಬರುತ್ತದೆ. ನಿಜಕ್ಕೂ ಬಲ ಹೆಚ್ಚು ಬೇಕಾಗಿರುವುದು ಅಪ್ಪನಿಗೇ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು ಶೇಕಡಾ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಅರವತ್ತರ ನಂತರ ಇನ್ನೂ ಬೇಗ.

ನಮ್ಮ ಭಾಗದ ದುಡಿಮೆಯನ್ನೇ ನೋಡಿ. ಸೀರೆ ನೇಯುವವರು ಕುಣಿ ಮಗ್ಗದಲ್ಲಿ ಬೆನ್ನು ಬಗ್ಗಿಸಿ ದಿನವಿಡೀ ಕೂರುತ್ತಾರೆ. ಅಂಗಡಿಯವರು, ಆಟೋ ಓಡಿಸುವವರು ಕೂಡ ಕುಳಿತೇ ದುಡಿಯುತ್ತಾರೆ. ದಣಿವಾಗುತ್ತದೆ, ಆದರೆ ದೇಹಕ್ಕೆ ಬಲ ಬರುವುದಿಲ್ಲ. ಗರಡಿಮನೆಯಲ್ಲಿ ದಂಡ, ಬೈಠಕ್ ಹೊಡೆದ ಹಿರಿಯರಿಗೆ ಇದು ಗೊತ್ತಿತ್ತು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅನೇಕರು ವ್ಯಾಯಾಮಕ್ಕೇ ಹೆದರಿದರು. ಹೆದರಿ ಬಿಡುವುದು ಪರಿಹಾರವಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ಎದೆನೋವು ಇದ್ದವರು ಅಥವಾ ಮನೆತನದಲ್ಲಿ ಹೃದ್ರೋಗ ಇರುವವರು ಮೊದಲು ವೈದ್ಯರಿಗೆ ತೋರಿಸಿ, ಆಮೇಲೆ ಆರಂಭಿಸಲಿ.

ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಹೊಸಬರಿಗೆ ಅಷ್ಟೇ ಸಾಕು. ಐದು ನಿಮಿಷ ನಡೆದು ಮೈ ಬಿಸಿ ಮಾಡಿಕೊಳ್ಳಿ. ನಂತರ:

1. ಕುರ್ಚಿಯ ಮೇಲೆ ಕುಳಿತು, ಕೈ ಊರದೆ ಏಳಿ.
2. ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯಿರಿ. ರೂಢಿಯಾದ ಮೇಲೆ ನೆಲದ ಮೇಲೆ.
3. ಐದು ಲೀಟರ್ ನೀರು ತುಂಬಿದ ಕ್ಯಾನ್ ಹಿಡಿದು, ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಾಗಿ, ಪಕ್ಕೆಯವರೆಗೆ ಎಳೆಯಿರಿ. ಭಾರ ಐದು ಕಿಲೋ.

ಒಂದೊಂದನ್ನೂ 8ರಿಂದ 10 ಸಲ, ಎರಡು ಸುತ್ತು ಮಾಡಿ. ಉಸಿರು ಕಟ್ಟಬೇಡಿ, ಅದರಿಂದ ರಕ್ತದೊತ್ತಡ ಏರುತ್ತದೆ. 12 ಸಲ ಸುಲಭವಾದಾಗ ಮಾತ್ರ ಭಾರ ಹೆಚ್ಚಿಸಿ. ಮರುದಿನ ಮೈಕೈ ನೋವು ಸಹಜ. ಕೀಲಿನಲ್ಲಿ ಚುಚ್ಚುವ ನೋವು, ಎದೆ ಬಿಗಿತ, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಿರಿ. ನಮ್ಮ ಬೇಸಿಗೆಯಲ್ಲಿ ಬೆಳಗಿನ ಜಾವವೇ ಒಳ್ಳೆಯದು.

ಸಾವಿರಾರು ರೂಪಾಯಿಯ ಪೌಡರ್ ಡಬ್ಬ ತರುವ ಅಗತ್ಯವಿಲ್ಲ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಇದೆ. ಜೋಳದ ರೊಟ್ಟಿ, ತೊಗರಿಬೇಳೆ, ಮೊಸರು ಮನೆಯಲ್ಲೇ ಇವೆ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಲಿ.

ತಾಯಂದಿರೇ, ಮಕ್ಕಳೇ, ಅಪ್ಪ ಕುರ್ಚಿಯಿಂದ ಎದ್ದು ಕೂರುವಾಗ ನಗಬೇಡಿ, ಜೊತೆಗೆ ನಿಂತು ಎಣಿಸಿ. ಎಪ್ಪತ್ತರಲ್ಲೂ ಅವರು ಯಾರ ಕೈ ಹಿಡಿಯದೆ ಮೆಟ್ಟಿಲು ಹತ್ತಬೇಕಾದರೆ ಆ ತಯಾರಿ ಇಂದೇ ಆಗಬೇಕು.