ಸಿಡಿ ಹಾಕಿದರೆ ಸಾಕು, ಲಿನಕ್ಸ್ ಶುರು! ಲೈವ್ ಡಿಸ್ಕ್ ಕಾಲದ ನೆನಪು, ಕೇರಳ ಶಾಲೆಗಳ ಪಾಠ

ತಿರುವನಂತಪುರದಿಂದ ಕೊಲ್ಲಂ ಕಡೆಗೆ ಹೊರಟರೆ ನಗರದ ಅಂಚಿನಲ್ಲೇ ಕಳಕ್ಕೂಟಂ ಸಿಗುತ್ತದೆ. 1990ರಲ್ಲಿ ಆರಂಭವಾದ ಟೆಕ್ನೋಪಾರ್ಕ್ ಇರುವುದು ಇಲ್ಲೇ. ಪಕ್ಕದ ಕಾರ್ಯವಟ್ಟಂನ ಗ್ರೀನ್‌ಫೀಲ್ಡ್ ಕ್ರೀಡಾಂಗಣದ ಆವರಣದಲ್ಲಿ ಸ್ವತಂತ್ರ ತಂತ್ರಾಂಶಕ್ಕೆಂದೇ ಕೇರಳ ಸರ್ಕಾರ ಸ್ಥಾಪಿಸಿದ ಐಸಿಫಾಸ್ ಸಂಸ್ಥೆಯೂ ಇದೆ. ಇಲ್ಲಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಬಂದರೆ ಕಾಸರಗೋಡು, ಮಂಜೇಶ್ವರ. ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದು ವಿಂಡೋಸ್‌ನಲ್ಲಿ ಅಲ್ಲ, ಲಿನಕ್ಸ್‌ನಲ್ಲಿ.

ಇದು ಒಂದೇ ದಿನದಲ್ಲಿ ಆದ ಬದಲಾವಣೆ ಅಲ್ಲ. ಇದರ ಹಿಂದೆ ಒಂದು ಪುಟ್ಟ ತಟ್ಟೆಯ ಕಥೆಯಿದೆ. ಅದೇ 'ಲೈವ್ ಸಿಡಿ'. ವಿಂಡೋಸ್ 10ಕ್ಕೆ ಬೆಂಬಲ ನಿಂತಿರುವ ಈ ಹೊತ್ತಿನಲ್ಲಿ, ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಏನು ಮಾಡುವುದು ಎಂದು ಯೋಚಿಸುವವರಿಗೆ ಆ ಕಥೆ ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಅಂದು ಲಿನಕ್ಸ್ ಹಾಕುವುದೆಂದರೆ ಭಯ

ಫಿನ್ಲೆಂಡ್‌ನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕರ್ನೆಲ್ ಬಿಡುಗಡೆ ಮಾಡಿದ್ದು 1991ರಲ್ಲಿ. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದ್ದರು. ಇವೆರಡೂ ಸೇರಿ ಪೂರ್ಣ ಪ್ರಮಾಣದ ಆಪರೇಟಿಂಗ್ ಸಿಸ್ಟಂ ಸಿದ್ಧವಾಯಿತು. ಆದರೆ ಅದು ಬಹುಕಾಲ ಸರ್ವರ್ ಕೋಣೆಗಳಲ್ಲಿ, ಕಾಲೇಜು ಪ್ರಯೋಗಾಲಯಗಳಲ್ಲೇ ಉಳಿಯಿತು.

ಕಾರಣ ಸರಳ. ಲಿನಕ್ಸ್ ಬೇಕೆಂದರೆ ಹಾರ್ಡ್ ಡಿಸ್ಕ್ ಅನ್ನು ಭಾಗ ಮಾಡಬೇಕಿತ್ತು. ಒಂದು ಕಡೆ ತಪ್ಪು ಒತ್ತಿದರೂ ಅಪ್ಪನ ಕಚೇರಿ ಕಡತ, ಮದುವೆ ಫೋಟೊ ಎಲ್ಲವೂ ಮಾಯ. ಅನುಸ್ಥಾಪನೆ ಮುಗಿದರೂ ಪರದೆ ಕಪ್ಪಾಗಿಯೇ ಉಳಿಯಬಹುದಿತ್ತು. ಮಾನಿಟರಿನ ರಿಫ್ರೆಶ್ ದರವನ್ನು ಕೈಯಾರೆ ಕಡತದಲ್ಲಿ ಬರೆಯಬೇಕಾದ ದಿನಗಳವು. ಅಗ್ಗದ ಒಳ ಮೋಡೆಮ್‌ಗಳು ವಿಂಡೋಸ್ ಚಾಲಕ ತಂತ್ರಾಂಶವನ್ನೇ ನಂಬಿಕೊಂಡಿದ್ದವು. ಹಾಗಾಗಿ ಲಿನಕ್ಸ್ ಹಾಕಿದ ಕೂಡಲೇ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದೆ ಪರಿಹಾರ ಹುಡುಕುವಂತೆಯೂ ಇಲ್ಲ!

ಇನ್ನು ಡೌನ್‌ಲೋಡ್ ಮಾತು. 700 ಎಂಬಿ ಸಿಡಿಯನ್ನು 56 ಕೆಬಿಪಿಎಸ್ ಡಯಲ್-ಅಪ್‌ನಲ್ಲಿ ಇಳಿಸಿಕೊಳ್ಳಲು, ಪೂರ್ತಿ ವೇಗ ಸಿಕ್ಕರೂ, ಸುಮಾರು 29 ಗಂಟೆ ಬೇಕು. ಜೊತೆಗೆ ಫೋನ್ ಬಿಲ್ ಬೇರೆ. 2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಬಂದಾಗ 256 ಕೆಬಿಪಿಎಸ್ ವೇಗದಲ್ಲಿ ಅದೇ ಕೆಲಸ ಆರೂವರೆ ಗಂಟೆಗೆ ಇಳಿಯಿತು. ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಮಿತಿಯಿಲ್ಲದ ಬಳಕೆ ಕೊಡುತ್ತಿದ್ದ ಪ್ಲಾನ್ ನೆಚ್ಚಿಕೊಂಡು, ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಶುರು ಮಾಡಿದವರಿಗೆ ಆ ಲೆಕ್ಕ ಇನ್ನೂ ನೆನಪಿರಬಹುದು. ಆರು ಗಂಟೆಯಲ್ಲಿ ಸಿಡಿ ಪೂರ್ತಿ ಇಳಿಯುತ್ತಿರಲಿಲ್ಲ!

ಹೀಗಾಗಿ ಬಹುತೇಕರ ಕೈಗೆ ಲಿನಕ್ಸ್ ತಲುಪಿದ್ದು ಪತ್ರಿಕೆಗಳ ಮೂಲಕ. ಪಿಸಿ ಕ್ವೆಸ್ಟ್, 2003ರಲ್ಲಿ ಶುರುವಾದ ಲಿನಕ್ಸ್ ಫಾರ್ ಯು ಮುಂತಾದ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಗಳು ಒಬ್ಬರಿಂದ ಒಬ್ಬರಿಗೆ ಕೈ ಬದಲಾಗುತ್ತಿದ್ದವು.

ಲೈವ್ ಸಿಡಿ ಬಂದು ಬದಲಾಗಿದ್ದೇನು?

ಸಿಡಿಯಿಂದಲೇ ಲಿನಕ್ಸ್ ಓಡಿಸುವ ಪ್ರಯತ್ನ 1992ರ ಇಗ್‌ಡ್ರಾಸಿಲ್ ಕಾಲದಿಂದಲೂ ಇತ್ತು. ಅದನ್ನು ಜನಪ್ರಿಯಗೊಳಿಸಿದ್ದು ಜರ್ಮನಿಯ ಕ್ಲಾಸ್ ನಾಪರ್. 2000ದಲ್ಲಿ ಅವರು ಬಿಡುಗಡೆ ಮಾಡಿದ 'ನಾಪಿಕ್ಸ್' ಸಿಡಿ ಹಾಕಿ ಕಂಪ್ಯೂಟರ್ ಆನ್ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಪೂರ್ಣ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತಿತ್ತು. ಬ್ರೌಸರ್, ಆಫೀಸ್ ತಂತ್ರಾಂಶ, ಆಟ ಎಲ್ಲವೂ ಅದರೊಳಗೇ. ಹಾರ್ಡ್ ಡಿಸ್ಕ್ ಅನ್ನು ಮುಟ್ಟುತ್ತಲೇ ಇರಲಿಲ್ಲ. ಸಿಡಿ ತೆಗೆದು ಮತ್ತೆ ಆನ್ ಮಾಡಿದರೆ ಹಳೆಯ ವಿಂಡೋಸ್ ಇದ್ದ ಹಾಗೆಯೇ ಇರುತ್ತಿತ್ತು.

2004ರ ಅಕ್ಟೋಬರ್‌ನಲ್ಲಿ ಉಬುಂಟು ಬಂತು. 'ಶಿಪ್‌ಇಟ್' ಯೋಜನೆಯಡಿ ಹೆಸರು, ವಿಳಾಸ ಕೊಟ್ಟರೆ ಸಾಕು, ಸಿಡಿಗಳು ಉಚಿತವಾಗಿ ಮನೆ ಬಾಗಿಲಿಗೆ ಬರುತ್ತಿದ್ದವು. ಒಂದು ಪೈಸೆ ಕೊಡದೆ ವಿದೇಶದಿಂದ ಅಂಚೆ ಬಂದಿದ್ದು ನೋಡಿ ಮನೆಯವರೆಲ್ಲ ಅಚ್ಚರಿಪಟ್ಟ ಕಾಲವದು. 2006ರ ಜೂನ್ ಆವೃತ್ತಿಯಲ್ಲಿ ಮೊದಲು ಬಳಸಿ ನೋಡುವ, ಇಷ್ಟವಾದರೆ ಅಲ್ಲಿಂದಲೇ ಹಾಕಿಕೊಳ್ಳುವ ಸೌಲಭ್ಯ ಒಂದೇ ಸಿಡಿಯಲ್ಲಿ ಸಿಕ್ಕಿತು. 2011ರಲ್ಲಿ ಶಿಪ್‌ಇಟ್ ನಿಂತಿತು.

ಇದು ಕೆಲಸ ಮಾಡುವುದು ಹೇಗೆ?

ಕಂಪ್ಯೂಟರ್ ಆನ್ ಆದ ತಕ್ಷಣ ಆಪರೇಟಿಂಗ್ ಸಿಸ್ಟಂ ಎಲ್ಲಿದೆ ಎಂದು ಬಯೋಸ್ ಹುಡುಕುತ್ತದೆ. ಹುಡುಕುವ ಕ್ರಮದಲ್ಲಿ ಸಿಡಿಯನ್ನು ಮೊದಲಿಗೆ ಇಟ್ಟರೆ ಅಲ್ಲಿಂದ ಲಿನಕ್ಸ್ ಕರ್ನೆಲ್ ಮೆಮೊರಿಗೆ ಬರುತ್ತದೆ. ನಂತರ ಯಂತ್ರದಲ್ಲಿ ಯಾವ ಯಾವ ಬಿಡಿಭಾಗಗಳಿವೆ ಎಂದು ತಾನೇ ಪತ್ತೆ ಹಚ್ಚುತ್ತದೆ.

700 ಎಂಬಿ ಸಿಡಿಯಲ್ಲಿ ಇಷ್ಟೆಲ್ಲ ಹಿಡಿದಿದ್ದು ಹೇಗೆ? ಕಡತಗಳನ್ನು ಸಂಕುಚಿತ ರೂಪದಲ್ಲಿ ತುಂಬಿ, ಬೇಕಾದಾಗ ಬೇಕಾದಷ್ಟನ್ನೇ ಬಿಡಿಸಿ ಓದುವ ತಂತ್ರದಿಂದ. ನಾಪಿಕ್ಸ್ ಹೀಗೆ ಸುಮಾರು 2 ಜಿಬಿಯಷ್ಟನ್ನು ಒಂದೇ ಸಿಡಿಯಲ್ಲಿ ತುಂಬಿತ್ತು.

ಸಿಡಿ ಮೇಲೆ ಬರೆಯಲು ಆಗುವುದಿಲ್ಲ. ಹಾಗಾದರೆ ನೀವು ಟೈಪ್ ಮಾಡಿದ್ದು ಎಲ್ಲಿ ಹೋಗುತ್ತದೆ? ಸಿಡಿಯ ಮೇಲೆ ಮೆಮೊರಿಯ ಒಂದು ತೆಳುವಾದ ಪದರ ಹಾಸಲಾಗುತ್ತದೆ. ಬದಲಾವಣೆಗಳೆಲ್ಲ ಆ ಪದರದಲ್ಲಿ ಉಳಿಯುತ್ತವೆ. ಕರೆಂಟ್ ಹೋದರೆ ಪದರವೂ ಹೋಯಿತು. ಉಳಿಸಿಕೊಳ್ಳಬೇಕೆಂದರೆ ಪೆನ್ ಡ್ರೈವ್‌ಗೆ ನಕಲು ಮಾಡಿಕೊಳ್ಳಬೇಕು.

ವೇಗ ಕಡಿಮೆ, ಡ್ರೈವ್‌ನ ಗರ್ ಗರ್ ಸದ್ದು ಜಾಸ್ತಿ. ಆದರೂ ವಿಂಡೋಸ್ ಕೆಟ್ಟು ನಿಂತ ದಿನ ಲೈವ್ ಸಿಡಿಯೇ ಆಪದ್ಬಾಂಧವ. ಅದರಿಂದ ಕಂಪ್ಯೂಟರ್ ಆನ್ ಮಾಡಿ, ಹಾರ್ಡ್ ಡಿಸ್ಕ್‌ನಲ್ಲಿದ್ದ ಫೋಟೊ, ಕಡತ ಹೊರತೆಗೆದು ಉಳಿಸಿಕೊಂಡವರು ಎಷ್ಟೋ ಮಂದಿ.

ಕೇರಳ ಲಿನಕ್ಸ್ ಹಾದಿ ಹಿಡಿದದ್ದು

ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾ ಉದ್ಘಾಟನೆಯಾಗಿದ್ದು 2001ರ ಜುಲೈ 20ರಂದು, ತಿರುವನಂತಪುರದಲ್ಲಿ. ಉದ್ಘಾಟಿಸಿದವರು ಸ್ಟಾಲ್ಮನ್. ಅದೇ ವರ್ಷ ಶಾಲೆಗಳಿಗಾಗಿ 'ಐಟಿ@ಸ್ಕೂಲ್' ಯೋಜನೆ ಶುರುವಾಯಿತು. 2002ರಲ್ಲಿ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗ ಹುಟ್ಟಿಕೊಂಡಿತು. ಕೊಚ್ಚಿಯ ಮಾಡೆಲ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಶರತ್ ಲಕ್ಷ್ಮಣ್ ಹೊಸಬರಿಗೆಂದೇ 'ಸ್ಲೈನಕ್ಸ್' ಎಂಬ ಲಿನಕ್ಸ್ ರೂಪಿಸಿದರು. ಮುಂದೆ ಅವರು ಶೆಲ್ ಸ್ಕ್ರಿಪ್ಟಿಂಗ್ ಕುರಿತ ಪುಸ್ತಕದಿಂದಲೂ ಹೆಸರಾದರು.

ಶಾಲೆಗಳಲ್ಲಿ ಮೊದಲು ವಿಂಡೋಸ್, ಲಿನಕ್ಸ್ ಎರಡೂ ಇದ್ದವು. 2008ರ ಹೊತ್ತಿಗೆ ಹತ್ತನೇ ತರಗತಿಯ ಐಟಿ ಪರೀಕ್ಷೆ ಪೂರ್ತಿಯಾಗಿ ಲಿನಕ್ಸ್ ಮೇಲೆಯೇ ನಡೆಯುವಂತಾಯಿತು. 2017ರಲ್ಲಿ ಐಟಿ@ಸ್ಕೂಲ್ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು. 2019ರಲ್ಲಿ ಉಬುಂಟು ಆಧರಿಸಿದ ತನ್ನದೇ ಆವೃತ್ತಿಯನ್ನು ರಾಜ್ಯದ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಕೈಟ್ ಸಿದ್ಧಪಡಿಸಿತು. ಇದರಿಂದ 3,000 ಕೋಟಿ ರೂಪಾಯಿ ಉಳಿತಾಯ ಎಂಬುದು ಅದರ ಅಂದಾಜು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 3,000 ಕೋಟಿಯನ್ನು 2 ಲಕ್ಷದಿಂದ ಭಾಗಿಸಿದರೆ ಒಂದು ಕಂಪ್ಯೂಟರ್‌ಗೆ 1.5 ಲಕ್ಷ ರೂ. ಆಗುತ್ತದೆ. ಇದು ಬರೀ ವಿಂಡೋಸ್‌ನ ಬೆಲೆ ಅಲ್ಲ. ಆಫೀಸ್, ಚಿತ್ರ ಸಂಪಾದನೆ, ಧ್ವನಿ, ಆನಿಮೇಷನ್ ಹೀಗೆ ಎಲ್ಲ ತಂತ್ರಾಂಶಕ್ಕೂ ಹಣ ಕೊಟ್ಟಿದ್ದರೆ ಎಂಬ ಲೆಕ್ಕ. ಯಾವ ಸರ್ಕಾರವೂ ಅಷ್ಟು ಖರ್ಚು ಮಾಡುತ್ತಿತ್ತೇ ಎಂಬುದು ಬೇರೆ ಪ್ರಶ್ನೆ. ಆದರೆ ಹಣವಿಲ್ಲವೆಂದು ಮಕ್ಕಳ ಕಲಿಕೆ ನಿಲ್ಲಲಿಲ್ಲ, ಕಳ್ಳ ಪ್ರತಿಯ ಮೊರೆ ಹೋಗಬೇಕಾಗಲೂ ಇಲ್ಲ. ನಿಜವಾದ ಲಾಭ ಇದು.

ಕನ್ನಡಕ್ಕೇನು ಲಾಭ?

ಕೇರಳದ ಐಸಿಟಿ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್ ಜೊತೆಗೆ ಕನ್ನಡ ಮತ್ತು ತಮಿಳಿನಲ್ಲೂ ಬರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ವಿದ್ಯಾರ್ಥಿ ಚಿತ್ರ ಬಿಡಿಸುವುದನ್ನು, ಪ್ರೋಗ್ರಾಮಿಂಗ್‌ನ ಅ ಆ ಇ ಈಯನ್ನು ಕನ್ನಡದಲ್ಲೇ ಓದಿ, ಉಚಿತ ತಂತ್ರಾಂಶದಲ್ಲಿ ಮಾಡಿ ನೋಡಬಹುದು. ಅದೇ ತಂತ್ರಾಂಶವನ್ನು ಮನೆಗೂ ಕೊಂಡೊಯ್ಯಬಹುದು, ಗೆಳೆಯನಿಗೂ ಹಂಚಬಹುದು. ಪರವಾನಗಿಯ ಅಡ್ಡಿ ಇಲ್ಲ.

ಆರಂಭದ ದಿನಗಳಲ್ಲಿ ಲಿನಕ್ಸ್ ಪರದೆಯ ಮೇಲೆ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತಕ್ಷರ ಪಕ್ಕಕ್ಕೆ ಜಾರುತ್ತಿತ್ತು, ಗುಣಿತಾಕ್ಷರ ಒಡೆಯುತ್ತಿತ್ತು. ಕೇದಗೆ, ಮಲ್ಲಿಗೆ, ನಂತರ ಲೋಹಿತ್‌ನಂಥ ಮುಕ್ತ ಫಾಂಟ್‌ಗಳು ಮತ್ತು ಅಕ್ಷರ ಜೋಡಿಸುವ ತಂತ್ರಾಂಶದ ಸುಧಾರಣೆಯಿಂದ ಆ ಕಷ್ಟ ತಪ್ಪಿತು. ಇಂದು ಕೀಲಿಮಣೆ ಸೆಟ್ಟಿಂಗ್‌ನಲ್ಲಿ ಇನ್‌ಸ್ಕ್ರಿಪ್ಟ್ ಮಾತ್ರವಲ್ಲ, ಕಗಪ ವಿನ್ಯಾಸವೂ ಸಿಗುತ್ತದೆ.

ಹಳೆಯ ಕಂಪ್ಯೂಟರ್ ಇದ್ದವರು ಈಗ ಏನು ಮಾಡಬಹುದು?

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಟಿಪಿಎಂ 2.0 ಮುಂತಾದ ಷರತ್ತುಗಳಿಂದಾಗಿ ಹಲವು ಹಳೆಯ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ. ಅವನ್ನು ಗುಜರಿಗೆ ಹಾಕುವ ಮುನ್ನ ಹಳೆಯ ಲೈವ್ ಸಿಡಿಯ ಉಪಾಯ ನೆನಪಿಸಿಕೊಳ್ಳಿ. ಈಗ ಸಿಡಿ ಬದಲು ಪೆನ್ ಡ್ರೈವ್, ಅಷ್ಟೇ ವ್ಯತ್ಯಾಸ.

* 8 ಜಿಬಿ ಅಥವಾ ಹೆಚ್ಚಿನ ಪೆನ್ ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ನಕಲು ಮಾಡಿಟ್ಟುಕೊಳ್ಳಿ.
* ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಐಎಸ್‌ಒ ಕಡತವನ್ನು ಅವುಗಳ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹಳೆಯ ಯಂತ್ರಕ್ಕೆ ಮಿಂಟ್ ಹಗುರ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು, 4 ಜಿಬಿ ಇದ್ದರೆ ಒಳ್ಳೆಯದು.
* ರುಫಸ್ ಅಥವಾ ಎಚರ್ ತಂತ್ರಾಂಶದಿಂದ ಅದನ್ನು ಪೆನ್ ಡ್ರೈವ್‌ಗೆ ಬರೆಯಿರಿ.
* ಕಂಪ್ಯೂಟರ್ ಆನ್ ಮಾಡುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಒತ್ತಿ ಪೆನ್ ಡ್ರೈವ್ ಆರಿಸಿ. ಕೀಲಿ ಕಂಪನಿಯಿಂದ ಕಂಪನಿಗೆ ಬೇರೆ.
* ಮೊದಲು 'ಟ್ರೈ' ಆಯ್ಕೆ ಮಾತ್ರ ಒತ್ತಿ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಕೆಲಸ ಮಾಡುತ್ತವೆಯೇ ನೋಡಿ. ಒಂದೆರಡು ದಿನ ಹೀಗೇ ಬಳಸಿ.

ಇದನ್ನು ಮರೆಯಬೇಡಿ

ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಆನ್ ಇದ್ದರೆ ಹಾರ್ಡ್ ಡಿಸ್ಕ್ ಕಡತಗಳು ಲೈವ್ ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ. ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಟ್ಯಾಲಿ, ನುಡಿಯಂಥ ವಿಂಡೋಸ್ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿಕೊಂಡರೆ ಎಲ್ಲಿ ಬೇಕಾದರೂ ಓದಬಹುದು. ನಿಮ್ಮ ಜೀವನೋಪಾಯವೇ ಇಂಥ ತಂತ್ರಾಂಶದ ಮೇಲಿದ್ದರೆ ಅವಸರ ಬೇಡ. ಮಕ್ಕಳ ಓದು, ಬ್ರೌಸಿಂಗ್, ಪತ್ರ ವ್ಯವಹಾರ, ಸಿನಿಮಾ ಇಷ್ಟೇ ಕೆಲಸವಾದರೆ ಧಾರಾಳವಾಗಿ ಬದಲಾಯಿಸಬಹುದು.

ಇಪ್ಪತ್ತು ವರ್ಷದ ಹಿಂದೆ ಲೈವ್ ಸಿಡಿ ಕಲಿಸಿದ್ದು ಇದನ್ನೇ: ಇರುವುದನ್ನು ಕಳೆದುಕೊಳ್ಳದೆ ಹೊಸದನ್ನು ನೋಡಬಹುದು. ಕೇರಳದ ಶಾಲೆಗಳು ಆ ಧೈರ್ಯ ಮಾಡಿದವು. ನಿಮ್ಮ ಅಟ್ಟದ ಮೇಲಿರುವ ಲ್ಯಾಪ್‌ಟಾಪ್‌ಗೆ ಇನ್ನೂ ಆಯಸ್ಸಿದೆಯೇ ಎಂದು ತಿಳಿಯಲು ಒಂದು ಪೆನ್ ಡ್ರೈವ್, ಒಂದು ಭಾನುವಾರ ಸಾಕು.