ಬೆಕ್ಕಿನ ಸಿಕ್ಕುಗೂದಲು: ಕತ್ತರಿ ಹಿಡಿಯುವ ಮುನ್ನ



ನಮ್ಮ ಊರುಗಳಲ್ಲಿ ಬೆಕ್ಕು ಇಲಿ ಹಿಡಿಯುವ ಪ್ರಾಣಿ. ಮೈಗೂದಲು ಗಿಡ್ಡ, ನೆಕ್ಕಿಕೊಂಡು ತಾನೇ ಶುಚಿಯಾಗಿರುತ್ತದೆ. ಮಕ್ಕಳ ಆಸೆಯಿಂದ ಅಮೆರಿಕೆಯ ನಮ್ಮ ಮನೆಗಳಿಗೆ ಬರುವ ಪರ್ಷಿಯನ್, ಮೇನ್ ಕೂನ್ ತಳಿಗಳ ನೀಳಗೂದಲು ಬೇರೆ ಬಗೆಯ ಆರೈಕೆಯನ್ನು ಬೇಡುತ್ತದೆ. ನಾವು ಪಶುವೈದ್ಯರಲ್ಲ; ಆದರೆ ಬೆಕ್ಕು ಕಚ್ಚಿ ಕೈ ಊದಿಸಿಕೊಂಡು ಬಂದವರಿಗೆ ಚಿಕಿತ್ಸೆ ನೀಡುವವರಾದ್ದರಿಂದ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಇವುಗಳ ಟೊಳ್ಳು ತುದಿಗಳು ಎಂಜಲನ್ನು ಕೂದಲಿನ ಆಳಕ್ಕೆ ಒಯ್ಯುತ್ತವೆಂದು 2018ರಲ್ಲಿ ಜಾರ್ಜಿಯಾ ಟೆಕ್ ಸಂಶೋಧಕರು ತೋರಿಸಿದರು. ಪರ್ಷಿಯನ್ ಬೆಕ್ಕಿನ ದಟ್ಟ ಕೂದಲಿನಲ್ಲಿ ಮಾತ್ರ ನಾಲಿಗೆ ಚರ್ಮದವರೆಗೆ ತಲುಪದು. ಉದುರಿದ ಕೂದಲು ಅಲ್ಲೇ ಉಳಿದು, ಕಿವಿಯ ಹಿಂದೆ, ಕಂಕುಳಲ್ಲಿ, ಹೊಟ್ಟೆಯ ಕೆಳಗೆ ಕಂಬಳಿಯಂತೆ ಜಡೆಗಟ್ಟುತ್ತದೆ. ಅದು ಹೆಜ್ಜೆ ಹೆಜ್ಜೆಗೂ ಚರ್ಮವನ್ನು ಜಗ್ಗುತ್ತದೆ. ಅದರಡಿ ತೇವ ನಿಂತು ಹುಣ್ಣಾಗುತ್ತದೆ.

ಇದುವರೆಗೆ ಚೊಕ್ಕಟವಾಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಜಡೆಗಟ್ಟಿದರೆ ಅದು ಕೊಳೆಯಲ್ಲ, ರೋಗಲಕ್ಷಣ. ಬೊಜ್ಜು, ಹಲ್ಲುನೋವು, ಮಧುಮೇಹ, ಥೈರಾಯ್ಡ್ ದೋಷ ಕಾರಣವಾಗಿರಬಹುದು. 12 ವರ್ಷ ಮೀರಿದ 100 ಬೆಕ್ಕುಗಳ ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 90 ಬೆಕ್ಕುಗಳಿಗೆ ಕೀಲುಗಳ ಸವೆತ ಕಂಡುಬಂದಿತ್ತು. ಬೆನ್ನು ಬಾಗದ ಮುದಿ ಬೆಕ್ಕು ನೆಕ್ಕಿಕೊಳ್ಳುವುದಾದರೂ ಹೇಗೆ? ನೋವೆಂದು ಮನೆಯಲ್ಲಿರುವ ಟೈಲೆನಾಲ್ ಮಾತ್ರೆಯನ್ನು ಖಂಡಿತ ಕೊಡಕೂಡದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು.

ಅಡುಗೆಮನೆಯ ಕತ್ತರಿಯೂ ಅಷ್ಟೇ ಅಪಾಯಕರ. ಬೆಕ್ಕಿನ ಚರ್ಮ ಬಲು ತೆಳು, ಸಡಿಲ. ಗಂಟನ್ನು ಎತ್ತಿ ಹಿಡಿದಾಗ ಅದರೊಳಗೆ ಚರ್ಮವೂ ಮೇಲೆದ್ದು, ಕೂದಲಿನ ಜೊತೆಗೇ ಕತ್ತರಿಸಿಹೋಗುತ್ತದೆ. ಸ್ನಾನ ಮಾಡಿಸಿದರೆ ಗಂಟು ಇನ್ನಷ್ಟು ಬಿಗಿಯುತ್ತದೆ.

ನುರಿತ ಗ್ರೂಮರ್ ಒಣಗೂದಲಿನಲ್ಲಿಯೇ ಚರ್ಮವನ್ನು ಬಿಗಿಹಿಡಿದು, ಗಂಟಿನ ಅಡಿಯಿಂದ ಕ್ಲಿಪರ್ ಯಂತ್ರವನ್ನು ಮೆಲ್ಲನೆ ನಡೆಸುತ್ತಾರೆ. ಅಲಗು ಬಿಸಿಯಾಗದಂತೆ ನೋಡಿಕೊಳ್ಳುತ್ತಾರೆ. ಮೈಯೆಲ್ಲ ಜಡೆಗಟ್ಟಿದ್ದರೆ, ಅಥವಾ ಬೆಕ್ಕು ಬೆದರಿದ್ದರೆ, ಪಶುವೈದ್ಯರು ಮಂಪರು ಮದ್ದು ನೀಡಿ ಬೋಳಿಸುವುದು ಲೇಸು. ಅಮೆರಿಕೆಯಲ್ಲಿ ಮನುಷ್ಯರ ಕ್ಷೌರಿಕನಿಗೆ ಪರವಾನಗಿ ಬೇಕು. ಪ್ರಾಣಿಗಳ ಗ್ರೂಮರ್‌ಗೆ ಸಾಮಾನ್ಯವಾಗಿ ಅಂಥ ನಿಯಮವಿಲ್ಲ. ಆದುದರಿಂದ ಬೆಕ್ಕುಗಳಲ್ಲೇ ಅನುಭವವುಳ್ಳವರನ್ನು ವಿಚಾರಿಸಿ ಆರಿಸಿಕೊಳ್ಳತಕ್ಕದ್ದು.

ಈ ಗಡಿಬಿಡಿಯಲ್ಲಿ ಬೆಕ್ಕು ಕೈಗೆ ಕಚ್ಚಿದರೆ ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ವೈದ್ಯರನ್ನು ಕಾಣಿರಿ. ಸೂಜಿಯಂಥ ಹಲ್ಲು ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾವನ್ನು ಕೀಲಿನವರೆಗೂ ಒಯ್ಯಬಲ್ಲದು. 24 ಗಂಟೆಯೊಳಗೆ ಕೈ ಊದಿಕೊಳ್ಳಬಹುದು. ಗಾಯ ಚಿಕ್ಕದೆಂದು ಕಡೆಗಣಿಸಬಾರದು.

ಮಕ್ಕಳಿಗೆ ಬೆಕ್ಕನ್ನು ತಂದುಕೊಡುವಾಗ ಜೊತೆಗೊಂದು ಲೋಹದ ಬಾಚಣಿಗೆಯನ್ನೂ ಕೊಡೋಣ. ದಿನಕ್ಕೆ ಐದು ನಿಮಿಷ ಬಾಚಿದರೆ ಸಿಕ್ಕು ಗಂಟಾಗದು. ಮೂಕಪ್ರಾಣಿಯ ನೋವನ್ನು ಗುರುತಿಸುವ ಅಭ್ಯಾಸವೂ ಮಕ್ಕಳಿಗೆ ಆಗುತ್ತದೆ.