ಚಂಡಮಾರುತ ಬಂದಾಗ ಮನೆಯ ಛಾವಣಿ ಉಳಿಸಿಕೊಳ್ಳುವುದು ಹೇಗೆ?



2016ರ ಡಿಸೆಂಬರ್ 12ರ ಸೋಮವಾರವನ್ನು ಚೆನ್ನೈಯಲ್ಲಿರುವ ನಮ್ಮ ಕೇಳುಗರು ಮರೆತಿರಲಾರರು. ಅಂದು ವಾರ್ದಾ ಚಂಡಮಾರುತ ಊರಿನ ಮೇಲೆಯೇ ಹಾದುಹೋಯಿತು. ಗಂಟೆಗೆ 100 ಕಿಲೋಮೀಟರ್ ಮೀರಿದ ಗಾಳಿಗೆ ಸಾವಿರಾರು ಮರಗಳು ಉರುಳಿದವು. ಮುಂಬೈಯವರಿಗೆ 2020ರ ಜೂನ್ 3ರಂದು ಅಲಿಬಾಗ್ ಬಳಿ ದಡ ಸೇರಿದ ನಿಸರ್ಗ, 2021ರ ಮೇ 17ರ ತೌಕ್ತೆ ನೆನಪಿರಬಹುದು. ಈ ತೌಕ್ತೆ ಮುಂಬೈಗೆ ಬರುವ ಮೊದಲು ನಮ್ಮ ಮಂಗಳೂರು, ಉಡುಪಿ, ಕಾರವಾರದ ಕಡಲತೀರವನ್ನೂ ಕಾಡಿತ್ತು.

ಇಂಥ ಗಾಳಿಯಲ್ಲಿ ಛಾವಣಿ ಏಕೆ ಹಾರುತ್ತದೆ? ಗಾಳಿ ಛಾವಣಿಯನ್ನು ಒತ್ತಿ ಮುರಿಯುತ್ತದೆ ಎಂದು ನಾವು ತಿಳಿದಿರುತ್ತೇವೆ. ನಿಜವಾಗಿ ಅದು ಮೇಲಕ್ಕೆ ಎತ್ತುತ್ತದೆ. ಛಾವಣಿಯ ಮೇಲೆ ವೇಗವಾಗಿ ಹಾಯುವ ಗಾಳಿ ಅಲ್ಲಿಯ ಒತ್ತಡವನ್ನು ತಗ್ಗಿಸುತ್ತದೆ. ಗಾಳಿಗೆ ಎದುರಾಗಿ ಒಂದು ಕಿಟಕಿ ತೆರೆದಿದ್ದರೆ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ದೂಡುತ್ತದೆ. ಮಳೆಗಾಲದಲ್ಲಿ ಕೊಡೆ ಉಲ್ಟಾ ಆಗುತ್ತದಲ್ಲ, ಹಾಗೆ. "ಕಿಟಕಿ ತೆರೆದಿಡಿ, ಗಾಳಿ ಹಾದುಹೋಗಲಿ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎಲ್ಲಾ ಕಿಟಕಿ, ಬಾಗಿಲುಗಳನ್ನು ಚಿಲಕ ಹಾಕಿ ಭದ್ರಪಡಿಸಿ.

ಇನ್ನು ಶೀಟಿನ ಛಾವಣಿಯ ವಿಷಯ. ಚಾಳುಗಳಲ್ಲಿ, ಟೆರೇಸಿನ ಮೇಲಿನ ಕೋಣೆಗಳಲ್ಲಿ ಶೀಟು ಹಾರದಿರಲಿ ಎಂದು ಇಟ್ಟಿಗೆ, ಕಲ್ಲು, ಹಳೇ ಟೈರು ಹೇರುವುದು ವಾಡಿಕೆ. ಗಂಟೆಗೆ 110 ಕಿಲೋಮೀಟರ್ ಗಾಳಿಯ ಬಲ ಒಂದು ಚದರ ಮೀಟರಿಗೆ 50 ಕಿಲೋ ಭಾರವನ್ನೂ ಮೀರುತ್ತದೆ. ಅದರ ಮುಂದೆ ಮೂರು ಕಿಲೋ ಇಟ್ಟಿಗೆ ಏನು ಮಾಡೀತು? ಶೀಟಿನ ಜೊತೆ ಅದೂ ಬಿದ್ದು ದಾರಿಹೋಕರ ತಲೆ ಒಡೆಯಬಹುದು. ಗಾಳಿಯ ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂಬುದೂ ನೆನಪಿರಲಿ.

ಆದ್ದರಿಂದ ಶೀಟಿಗೆ ಬೇಕಾದದ್ದು ಭಾರವಲ್ಲ, ಹಿಡಿತ. ಶೀಟನ್ನು ಕೆಳಗಿನ ಪೈಪಿಗೆ ಜೆ ಬೋಲ್ಟಿನಿಂದ ಬಿಗಿಸಿರಬೇಕು. ಆ ಪೈಪೂ ಗೋಡೆಗೆ ಭದ್ರವಾಗಿ ಕೂತಿರಬೇಕು. ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಎಳೆತ ಹೆಚ್ಚು. ಅಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಲಿ. ತುಕ್ಕು ಹಿಡಿದವನ್ನು ಬದಲಿಸಿ. ಊರಿನಲ್ಲಿ ಅಪ್ಪ ಅಮ್ಮ ಹಂಚಿನ ಮನೆಯಲ್ಲಿದ್ದರೆ, ಅಂಚಿನ ಸಾಲಿನ ಹಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಿಸಿ, ಮನೆಯ ಮೇಲೆ ಬಾಗಿದ ಕೊಂಬೆಗಳನ್ನು ಕಡಿಸಿ. ಈ ಕೆಲಸಗಳೆಲ್ಲ ಮಳೆಗಾಲಕ್ಕೆ ಮೊದಲೇ ಮುಗಿಯಬೇಕು. ಗಾಳಿ ಎದ್ದ ಮೇಲೆ ಯಾರೂ ಛಾವಣಿ ಹತ್ತಬಾರದು.

ಫ್ಲ್ಯಾಟಿನಲ್ಲಿರುವವರು ನಿಶ್ಚಿಂತರಾಗಿರಬಹುದೇ? ಹಾಗೇನಿಲ್ಲ. ಬಾಲ್ಕನಿಯ ಹೂಕುಂಡ, ಕುರ್ಚಿ, ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಒಳಗಿಡಿ. ಬಿರುಗಾಳಿಗೆ ಅವು ಪಕ್ಕದ ಮನೆಯ ಗಾಜಿಗೆ ಬಡಿಯುತ್ತವೆ. ಗಾಜಿಗೆ ಟೇಪು ಅಂಟಿಸಿದರೆ ಅದು ಒಡೆಯದೆ ಉಳಿಯುವುದಿಲ್ಲ; ಕಿಟಕಿಯಿಂದ ದೂರವಿರುವುದೇ ಕ್ಷೇಮ. ಟೆರೇಸಿನ ಪ್ಲಾಸ್ಟಿಕ್ ಟ್ಯಾಂಕನ್ನು ತುಂಬಿಸಿಡಿ. ಖಾಲಿ ಟ್ಯಾಂಕು ಉರುಳಿಹೋಗುತ್ತದೆ. 1000 ಲೀಟರ್ ನೀರಿದ್ದರೆ ಅದೇ ಒಂದು ಟನ್ ಭಾರ. ಕರೆಂಟ್ ಹೋದಾಗ ಕುಡಿಯಲಿಕ್ಕೂ ಬರುತ್ತದೆ. ಟೆರೇಸಿನ ನೀರು ಇಳಿಯುವ ಪೈಪಿನ ಬಾಯಿಯಲ್ಲಿ ಎಲೆ, ಕಸ ತುಂಬಿದ್ದರೆ ತೆಗೆಸಿ.

ಕೊನೆಯದಾಗಿ ಒಂದು ಎಚ್ಚರಿಕೆ. ಚಂಡಮಾರುತದ ಕಣ್ಣು ನಮ್ಮ ಮೇಲೆ ಬಂದಾಗ ಗಾಳಿ ಏಕಾಏಕಿ ನಿಲ್ಲುತ್ತದೆ. ವಾರ್ದಾ ದಿನ ಚೆನ್ನೈಯಲ್ಲೂ ಹಾಗೆಯೇ ಆಯಿತು. ಮುಗಿಯಿತು ಎಂದು ಹೊರಗೆ ಬಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಎದುರು ದಿಕ್ಕಿನಿಂದ ಗಾಳಿ ಬಡಿಯುತ್ತದೆ. ಹವಾಮಾನ ಇಲಾಖೆ ಹೇಳುವ ತನಕ ಬಾಗಿಲು ತೆಗೆಯಬೇಡಿ.

ಅಂದ ಹಾಗೆ, ಕರೆಂಟೂ ಮೊಬೈಲ್ ಟವರೂ ಕೈಕೊಟ್ಟ ಹೊತ್ತಿನಲ್ಲಿ ಸೆಲ್ಲು ಹಾಕಿದ ಪುಟ್ಟ ರೇಡಿಯೋ ಸುದ್ದಿ ಹೇಳುತ್ತಿರುತ್ತದೆ. ಒಂದು ಜೊತೆ ಹೊಸ ಸೆಲ್ಲು ಮನೆಯಲ್ಲಿರಲಿ. ಊರಿಗೂ ಇವತ್ತೇ ಫೋನ್ ಮಾಡಿ, ಛಾವಣಿ ಹೇಗಿದೆ ಎಂದು ಕೇಳಿ. ಮತ್ತೆ ಭೇಟಿಯಾಗೋಣ.